ಮಣೆಯ ಮೇಲಿನ ಮಾತು

ಜನವರಿ 11

ತಮ್ಮನಿಗೆ,

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅದನ್ನು ಕ್ಷೇಮ ಅನ್ನುವುದಾದರೆ ಕ್ಷೇಮ.

ನಿನ್ನ ಕಾಗದ ಬಂತು, ಜೊತೆಗೆ ಪೇಪರಿನ ತುಂಡೂ ಬಂತು. ಫೋಟೋ ನೋಡಿದೆ. ನಡುವೆ ಜೈಲಿನ ಸೂಪರಿಂಟೆಂಡೆಂಟರು, ಎರಡೂ ಪಕ್ಕ ಬಿಳಿ ಬಟ್ಟೆಯ ಕೈದಿಗಳು, ಮೂಲೆಯಲ್ಲಿ ಅರ್ಧ ತಲೆ ಹಾರಿಹೋದ ನೀನು. ಮೇಲೆ ದಪ್ಪ ಅಕ್ಷರದಲ್ಲಿ "ಚದುರಂಗದಿಂದ ಮನಃಪರಿವರ್ತನೆ". ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನಿಗೆ ತೋರಿಸಿದೆ. ಅವನು ಓದಿ, "ಅಕ್ಕಾ, ಕಳ್ಳನಿಗೆ ನಾಲ್ಕು ಹೆಜ್ಜೆ ಮುಂದೆ ಯೋಚ್ನೆ ಮಾಡೋಕೆ ಮೊದ್ಲೇ ಬರುತ್ತೆ. ನಿಮ್ಮ ತಮ್ಮ ಐದನೇದು ಹೇಳ್ಕೊಡ್ತಾರಾ?" ಅಂದ. ಅವನು ಓದಿದ್ದು ಏಳನೇ ಕ್ಲಾಸು. ನೀನು ಮೂವತ್ತು ವರ್ಷ ಸ್ಕೂಲಿನಲ್ಲಿ ಪಾಠ ಮಾಡಿದವನು.

"ಅವರೂ ಮನುಷ್ಯರೇ ಅಕ್ಕಾ" ಅಂತ ಬರೆದಿದ್ದೀಯ. ಇದನ್ನು ತಿಳಿಸಲು ಅಂಚೆ ಚೀಟಿ ಬೇಕಾಗಿತ್ತೇ? ಮನುಷ್ಯರಾದ್ದರಿಂದಲೇ ಅವರನ್ನು ಜೈಲಿಗೆ ಹಾಕಿದ್ದು. ಹುಲಿಯನ್ನು ಯಾರೂ ಕೋರ್ಟಿಗೆ ಕರೆದುಕೊಂಡು ಹೋಗುವುದಿಲ್ಲ.

ಇನ್ನೊಂದು ಮಾತು. ಪೇಪರಿನ ತುಂಡಿನಲ್ಲಿ ಯಾವ ಜೈಲು ಅನ್ನುವ ಸಾಲು ಇರುವ ಕಡೆ ಕತ್ತರಿ ಆಡಿಸಿದ್ದೀಯ. ಕತ್ತರಿಯ ಜೊತೆ ಬದುಕುವವಳಿಗೆ ಅದು ಕಾಣುವುದಿಲ್ಲ ಅಂದುಕೊಂಡೆಯಾ? ಹರಿದದ್ದಾದರೆ ಅಂಚು ಹಾಗಿರುವುದಿಲ್ಲ.

ಯಾವ ಜೈಲು ಅಂತ ನೀನೇ ಬರೆ.

ನಿನ್ನ ಅಕ್ಕ

*

ಜನವರಿ 20

ಅಕ್ಕನಿಗೆ ನಮಸ್ಕಾರ.

ಹೌದು, ಅದೇ ಜೈಲು. ಹೇಳಿದರೆ ನೀನು ಬೇಡ ಅನ್ನುತ್ತೀಯ ಅಂತ ಹೇಳಲಿಲ್ಲ. ಆ ವೆಲ್ಡರ್ ಅಲ್ಲಿದ್ದಾನೆ ಅಂತ ಗೊತ್ತಿದ್ದೂ ಹೋದೆ. ಒಳಗೆ ಸಾವಿರ ಜನ ಇರುತ್ತಾರೆ, ನನ್ನ ಕ್ಲಾಸಿಗೆ ಬರುವವರು ಇಪ್ಪತ್ತು, ಅವನೇ ಬರಬೇಕೆಂದೇನು ಅಂತ ಸಮಾಧಾನ ಹೇಳಿಕೊಂಡಿದ್ದೆ.

ಬಂದ. ಮೂರನೇ ವಾರ ಊಟದ ಹಾಲಿನ ಕೊನೆಯ ಬೆಂಚಿನಲ್ಲಿ ಕೂತಿದ್ದ. ನಾನು ಗುರುತು ಹಿಡಿದೆ, ಅವನೂ ಹಿಡಿದ. ಕೋರ್ಟಿನಲ್ಲಿ ನಿನ್ನ ಪಕ್ಕ ಕೂತಿರುತ್ತಿದ್ದವನನ್ನು ಮರೆಯಲು ಸಾಧ್ಯವೇ? ನಾನು ಕಾಯಿ ಜೋಡಿಸುತ್ತಾ ಹೋದೆ. ಅವನ ಕೈಯಲ್ಲಿ ಸತ್ತವರು ನನ್ನ ಭಾವ ಅಂತ ಸೂಪರಿಂಟೆಂಡೆಂಟರಿಗೆ ಗೊತ್ತಿಲ್ಲ. ಗೊತ್ತಾದರೆ ನನ್ನನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ.

ಇಲ್ಲಿನ ವಿಷಯ ಸ್ವಲ್ಪ ಬರೆಯುತ್ತೇನೆ, ಓದು. ಪ್ಲಾಸ್ಟಿಕ್ ಕಾಯಿಗಳನ್ನು ಒಳಗೆ ಬಿಡುವ ಮೊದಲು ಕಾವಲಿನವರು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಒಂದು ಕುದುರೆ ಅವರ ಕೈಯಲ್ಲೇ ಮುರಿಯಿತು; ಅದರ ಜಾಗದಲ್ಲಿ ಬಾಟಲಿಯ ಮುಚ್ಚಳ ಇಟ್ಟಿದ್ದೇವೆ. ಒಬ್ಬ ಜೇಬುಗಳ್ಳ ಇದ್ದಾನೆ, ಆಟ ಮುಗಿಯುವಾಗ ಎದುರಾಳಿಯ ಎರಡು ಕಾಯಿಯಾದರೂ ಅವನ ತೋಳಿನೊಳಗೆ ಇರುತ್ತವೆ. ಕೇಳಿದರೆ, "ಅಭ್ಯಾಸ ಸಾರ್, ಕೈ ನನ್ನ ಮಾತು ಕೇಳಲ್ಲ" ಅನ್ನುತ್ತಾನೆ.

ನೀನು ಬೇಡ ಅಂದರೆ ಬಿಟ್ಟುಬಿಡುತ್ತೇನೆ.

ನಿನ್ನ ತಮ್ಮ

*

ಫೆಬ್ರವರಿ 2

ತಮ್ಮನಿಗೆ,

"ನೀನು ಬೇಡ ಅಂದರೆ" ಅಂತ ನನ್ನ ತಲೆಗೆ ಕಟ್ಟಬೇಡ. ಮದುವೆ ಆದಮೇಲೆ ಜಾತಕ ಕೇಳಿದ ಹಾಗಾಯಿತು.

ನಿನಗೆ ಮರೆತಿರಬಹುದು, ಜೇಬುಗಳ್ಳನ ತಮಾಷೆಯಲ್ಲಿ ಮುಳುಗಿದ್ದೀಯ. ನೆನಪು ಮಾಡುತ್ತೇನೆ. ನಿನ್ನ ಭಾವ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪಿನಲ್ಲಿ ಮೇಸ್ತ್ರಿ. ಆ ವೆಲ್ಡರ್ ಅವರ ಕೈಕೆಳಗಿನ ಕೆಲಸಗಾರ. ಒಂದು ಸ್ಕೂಲಿನ ಮೆಟ್ಟಿಲಿಗೆ ಕಂಬಿ ಮಾಡಿದ್ದರು. ವೆಲ್ಡಿಂಗ್ ಸರಿಯಾಗಿ ಕೂತಿರಲಿಲ್ಲ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದ. ಬೆಳಿಗ್ಗೆ ಇವರು ಬಡಿದು ನೋಡಿ ಕಂಡುಹಿಡಿದರು. ಮಕ್ಕಳು ಒರಗುವ ಕಂಬಿ, ಮತ್ತೆ ಮಾಡು ಅಂದರು. ಸಂಜೆ ಹಿಂದಿನ ಗೇಟಿನ ಹತ್ತಿರ ಅವನು ಕಬ್ಬಿಣದ ಪಟ್ಟಿಯಿಂದ ಇವರ ತಲೆಗೆ ಹೊಡೆದ. ನೋಡಿದವರು ಯಾರೂ ಇಲ್ಲ.

ಕೋರ್ಟಿನಲ್ಲಿ ಅವನು ಹೇಳಿದ್ದು ಏನು? ಮೇಸ್ತ್ರಿ ನನ್ನ ಸತ್ತ ತಾಯಿಯನ್ನು ಹೊಲಸು ಮಾತಿನಲ್ಲಿ ಬೈದರು, ನನ್ನ ಮೈಮೇಲೆ ನನಗೆ ಎಚ್ಚರ ಇರಲಿಲ್ಲ ಅಂತ. ಆ ಮಾತನ್ನೂ ಬಾಯಿಬಿಟ್ಟು ಹೇಳಿದ. ನಾನು ಇಲ್ಲಿ ಬರೆಯುವುದಿಲ್ಲ. ತೀರ್ಪಿನಲ್ಲಿ ಅದು ಅಚ್ಚಾಗಿದೆ, ಪೇಪರಿನಲ್ಲೂ ಅರ್ಧ ಚುಕ್ಕೆ ಇಟ್ಟು ಬಂತು. ಕೊಲೆ ಹೋಗಿ "ಹಠಾತ್ ಕೋಪದಲ್ಲಿ ಆದ ಸಾವು" ಆಯಿತು, ಶಿಕ್ಷೆ ಇಳಿಯಿತು.

ಶಿಕ್ಷೆ ಇಳಿದದ್ದು ನನಗೆ ಅಷ್ಟು ಸುಡುವುದಿಲ್ಲ. ಆ ಮಾತು ಸುಡುತ್ತದೆ. ಅವರ ಬಾಯಲ್ಲಿ ಅಂಥದ್ದು ನಾನು ಒಂದು ದಿನವೂ ಕೇಳಿಲ್ಲ. ಈಗ ಊರಿನವರ ಲೆಕ್ಕದಲ್ಲಿ ಅವರು ಇನ್ನೊಬ್ಬರ ತಾಯಿಯನ್ನು ಬೈದು ಏಟು ತಿಂದ ಮನುಷ್ಯ. ಅಂಗಡಿಯಲ್ಲಿ ನಾನು ಅವರ ವಿಷಯ ಎತ್ತಿದರೆ ಎಲ್ಲರೂ ತಲೆ ತಗ್ಗಿಸಿ ಹೊಲಿಗೆ ನೋಡುತ್ತಾರೆ. ಅದಕ್ಕೇ ನಾನು ಎತ್ತುವುದಿಲ್ಲ.

ಹೋಗು. ಕಲಿಸು. ಅವನಿಗೆ ರಾಜನನ್ನು ಹೇಗೆ ಕಾಪಾಡುವುದು ಅಂತ ಹೇಳಿಕೊಡು. ಭಾವನನ್ನು ಕಾಪಾಡುವುದಕ್ಕಂತೂ ಯಾರಿಂದಲೂ ಆಗಲಿಲ್ಲ.

ಅಕ್ಕ

*

ಫೆಬ್ರವರಿ 24

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಎರಡು ವಾರ ಸುಮ್ಮನಿದ್ದೆ. ಕ್ಲಾಸಿಗೆ ಮಾತ್ರ ಹೋದೆ. ಬಯ್ಯಬೇಡ, ಬಿಡಲು ಆಗಲಿಲ್ಲ. ಅಲ್ಲಿ ಒಂದು ಕೆಲಸ ನಿಜವಾಗಿ ನಡೆಯುತ್ತಿದೆ ಅನ್ನಿಸುತ್ತದೆ.

ಅಪ್ಪ ನಮಗೆ ಮಾಡಿಸುತ್ತಿದ್ದ ಹಾಗೆ ಅಲ್ಲೂ ಆಟ ಒಪ್ಪಿಸುವ ಪದ್ಧತಿ ಇಟ್ಟಿದ್ದೇನೆ. ಆಟ ಮುಗಿದ ಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿ ಮೊದಲಿನಿಂದ ನಡೆಸುವುದು. ಪ್ರತಿ ನಡೆಗೂ ಆ ಕ್ಷಣ ಮನಸ್ಸಿನಲ್ಲಿ ಏನಿತ್ತೋ ಅದನ್ನೇ ಹೇಳುವುದು, ನಾಚಿಕೆಯಾದರೂ ಹೇಳುವುದು. ಅಪ್ಪನ ಷರತ್ತು ನೆನಪಿದೆಯಲ್ಲ? ಮಣೆಯ ಮೇಲಿನ ಮಾತು ಮಣೆ ಇಳಿಯಬಾರದು. ಅಲ್ಲಿ ಹೇಳಿದ್ದಕ್ಕೆ ಏಟಿಲ್ಲ, ಬೈಗುಳ ಇಲ್ಲ, ಇನ್ನೊಬ್ಬರ ಕಿವಿಗೆ ಹಾಕುವಂತಿಲ್ಲ. ಕೈದಿಗಳು ಈ ಷರತ್ತಿಗೇ ಒಲಿದರು. ಒಳಗಿನ ಒಂದೊಂದು ಮಾತೂ ವಾರ್ಡರ್ ಕಿವಿಗೆ ಹೋಗುವ ಜಾಗದಲ್ಲಿ, ಎಲ್ಲಿಗೂ ಹೋಗದ ಮಾತು ಅವರಿಗೆ ಇದೊಂದೇ.

ಮೊನ್ನೆ ಜೇಬುಗಳ್ಳನನ್ನು ಕೇಳಿದೆ, "ಈ ಪದಾತೀನ ಯಾಕೆ ಮುಂದೆ ತಳ್ಳಿದೆ?"

"ಅದ್ರ ಮೇಲೆ ಇವನ ಕಣ್ಣು ಬೀಳ್ಲಿ ಅಂತ ಸಾರ್. ಕೈ ಬೇರೆ ಕಡೆ ಇತ್ತಲ್ಲ."

ಸೂಪರಿಂಟೆಂಡೆಂಟರಿಗೆ ಮಾತ್ರ ಇದು ತಲೆಗೆ ಹೋಗುವುದಿಲ್ಲ. "ಮುಗಿದ ಆಟಾನ ಯಾಕ್ರೀ ಮತ್ತೆ ಆಡಿಸ್ತೀರಾ, ಹೊಸದು ಆಡ್ಸಿ, ಫೋಟೋಗ್ರಾಫರ್ ಕಾಯ್ತಿದಾನೆ" ಅನ್ನುತ್ತಾರೆ.

ನೀನು ಕೇಳದಿದ್ದರೂ ವೆಲ್ಡರ್ ವಿಷಯ ಬರೆಯಬೇಕು. ಅವನು ಬೇರೆ ಮನುಷ್ಯನಾಗಿದ್ದಾನೆ ಅಕ್ಕಾ. ಒಂದು ನಡೆಯಲ್ಲೂ ಅವಸರ ಇಲ್ಲ. ಹೋದ ವಾರ ಸೋಲುತ್ತಿದ್ದ ಜೇಬುಗಳ್ಳ ಅವನನ್ನು ಕೆಣಕಲು ಬಾಯಿಗೆ ಬಂದದ್ದೆಲ್ಲ ಅಂದ, ತಾಯಿಯನ್ನೂ ಬಿಡಲಿಲ್ಲ. ನಾನು ಹೆದರಿ ಎದ್ದು ನಿಂತೆ. ಇವನು ತಲೆ ಕೂಡ ಎತ್ತಲಿಲ್ಲ. ಆನೆಯನ್ನು ಒಂದು ಮನೆ ಸರಿಸಿ, "ನಿನ್ನ ಸರದಿ" ಅಂದ. ಒಪ್ಪಿಸುವಾಗ, "ಇವನು ಈ ಮನೆಗೆ ಬಂದೇ ಬರ್ತಾನೆ ಅಂತ ಗೊತ್ತಿತ್ತು ಮೇಷ್ಟ್ರೇ, ಸುಮ್ನೆ ಕಾಯ್ತಾ ಇದ್ದೆ" ಅಂದ. ಕೋಪ ಅನ್ನುವುದನ್ನೇ ಗೆದ್ದುಬಿಟ್ಟಿದ್ದಾನೆ.

ಮೇ ತಿಂಗಳಲ್ಲಿ ಸನ್ನಡತೆಯ ಸಮಿತಿ ಕೂರುತ್ತದಂತೆ. ಅವಧಿಗೆ ಮೊದಲೇ ಬಿಡುವವರ ಪಟ್ಟಿಯಲ್ಲಿ ಅವನ ಹೆಸರಿದೆ. ನಿನ್ನ ಅಭಿಪ್ರಾಯವನ್ನೂ ಕೇಳುತ್ತಾರೆ. ನನಗೊಂದು ವರದಿ ಬರೆದುಕೊಡಲು ಹೇಳಿದ್ದಾರೆ. ನಾನು ನೋಡಿದ್ದನ್ನಷ್ಟೇ ಬರೆಯುತ್ತೇನೆ.

ನಿನ್ನ ತಮ್ಮ

*

ಮಾರ್ಚ್ 3

ತಮ್ಮನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಒಂದು ಸಲ ಓದಿದ್ದರೂ ಸಾಕಿತ್ತು. ಅಂಚೆಗೆ ಹಾಕುವ ಮೊದಲು.

ತಾಯಿಯನ್ನು ಬೈದರೂ ಅವನು ತಲೆ ಎತ್ತಲಿಲ್ಲ ಅಂತ ನೀನೇ ಬರೆದಿದ್ದೀಯ. ಎದುರಾಳಿ ಆ ಮನೆಗೆ ಬಂದೇ ಬರುತ್ತಾನೆ ಅಂತ ಕಾಯುತ್ತಾ ಕೂತಿದ್ದ ಅಂತಲೂ ಬರೆದಿದ್ದೀಯ. ಅದನ್ನು ನೋಡಿ ನೀನು ಆನಂದಬಾಷ್ಪ ಸುರಿಸುತ್ತಿದ್ದೀಯ. ನನಗೆ ಕಂಡದ್ದೇ ಬೇರೆ.

ನಲವತ್ತು ದಾಟಿದ ಮನುಷ್ಯನ ಸ್ವಭಾವವನ್ನು ನಿನ್ನ ಬಾಟಲಿ ಮುಚ್ಚಳದ ಕುದುರೆ ಎರಡು ತಿಂಗಳಲ್ಲಿ ಬದಲಾಯಿಸಿತೇ? ಬಟ್ಟೆಗೆ ಬಣ್ಣ ಹಾಕುವವರೂ ಅಷ್ಟು ಬೇಗ ಭರವಸೆ ಕೊಡುವುದಿಲ್ಲ. ಅವನು ಯಾವಾಗಲೂ ಹಾಗೇ ಇದ್ದ. ಕಾಯುವ ಮನುಷ್ಯ. ಹಿಂದಿನ ಗೇಟಿನ ಹತ್ತಿರ ಇವರು ಬಂದೇ ಬರುತ್ತಾರೆ ಅಂತ ಕಾಯುತ್ತಿದ್ದ. ಕೋಪ ಬಂದವನು ಬೆಳಿಗ್ಗೆಯೇ, ಎಲ್ಲರ ಎದುರೇ ಹೊಡೆಯುತ್ತಿದ್ದ. ಇದನ್ನು ನಾನು ಕೋರ್ಟಿನಲ್ಲಿ ಹೇಳಲು ಹೋದರೆ "ನಿಮ್ಮ ಊಹೆ ಬೇಡಮ್ಮಾ" ಅಂದರು. ಈಗ ನೀನು ಅದನ್ನೇ ಕಣ್ಣಾರೆ ನೋಡಿ, ಸನ್ನಡತೆ ಅಂತ ಹೆಸರಿಟ್ಟು ವರದಿ ಬರೆಯಲು ಕೂತಿದ್ದೀಯ. ಹಾವು ಹುತ್ತದಲ್ಲಿ ಸುಮ್ಮನೆ ಮಲಗಿದ್ದಕ್ಕೆ ಸರ್ಟಿಫಿಕೇಟು.

ನಿನ್ನ ಆ ಒಪ್ಪಿಸುವ ಆಟ ಅಷ್ಟು ಸತ್ಯದ್ದಾದರೆ, ಅವನನ್ನು ಕೇಳು. ಅವನ ತಾಯಿಗೆ ಇವರು ಏನಂದರು ಅಂತ ಕೇಳು. ನಾನು ನಿನ್ನನ್ನು ಕೇಳುತ್ತಿರುವುದು ಇದೊಂದನ್ನೇ.

ಅಕ್ಕ

*

ಮಾರ್ಚ್ 29

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಜೈಲಿನಲ್ಲಿ ಚದುರಂಗದ ಪಂದ್ಯಾವಳಿ ಇಟ್ಟಿದ್ದರು, ಅದರ ಓಡಾಟ. ದೊಡ್ಡ ಅಧಿಕಾರಿಯೊಬ್ಬರು ಉದ್ಘಾಟನೆಗೆ ಬಂದಿದ್ದರು. ಕುದುರೆಯನ್ನು ಎತ್ತಿ ಆನೆಯ ಹಾಗೆ ನೆಟ್ಟಗೆ ನಾಲ್ಕು ಮನೆ ಓಡಿಸಿದರು. ಸೂಪರಿಂಟೆಂಡೆಂಟರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಬೇಕಾಯಿತು. ಜೇಬುಗಳ್ಳ ನನ್ನ ಕಿವಿಯಲ್ಲಿ, "ಸಾರ್, ಇವರು ಒಪ್ಪಿಸೋದಿಲ್ವಾ?" ಅಂದ.

ನೀನು ಕೇಳು ಅಂದದ್ದನ್ನು ಇನ್ನೂ ಕೇಳಿಲ್ಲ. ಸಮಯ ಒದಗಲಿಲ್ಲ. ಸುತ್ತ ಯಾವಾಗಲೂ ಜನ ಇರುತ್ತಾರೆ. ಕೇಳಿದರೆ ಅವನು ಕ್ಲಾಸಿಗೇ ಬರದೆ ಇರಬಹುದು. ಹೇಳಿದರೂ ಅದರಿಂದ ನಿನಗೆ ಏನು ಸಿಗುತ್ತದೆ ಅಂತಲೂ ಯೋಚಿಸುತ್ತೇನೆ. ಭಾವ ಎಂಥವರು ಅಂತ ನಮಗೆ ಗೊತ್ತಿದೆಯಲ್ಲ, ಸಾಲದೇ?

ನಿನ್ನ ತಮ್ಮ

*

ಏಪ್ರಿಲ್ 6

ತಮ್ಮನಿಗೆ,

ಸಾಲದು.

ನಿನ್ನ ಕಡೆಯವರು ನಮ್ಮ ಮನೆಗೂ ಬಂದಿದ್ದರು. ಸಮಿತಿಯ ನೋಟೀಸು ತಂದಿದ್ದ ಒಬ್ಬ ಮೇಡಂ, ಕೈದಿಗಳ ಕ್ಷೇಮ ನೋಡುವವರಂತೆ. ನನ್ನ ಕ್ಷೇಮ ಯಾವ ಇಲಾಖೆಗೆ ಸೇರುತ್ತದೋ ಕೇಳಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಸ್ಕೂಲ್ ಯೂನಿಫಾರಂಗಳ ರಾಶಿ ಇತ್ತು, ಅದನ್ನು ಎತ್ತಿ ಕೂರಿಸಿದೆ.

"ಕ್ಷಮಿಸೋದ್ರಿಂದ ನಿಮ್ಮ ಮನಸ್ಸೇ ಹಗುರ ಆಗುತ್ತೆ ಅಮ್ಮಾ" ಅಂದಳು.

"ನನಗೆ ಭಾರ ಆಗಿದೆ ಅಂತ ಯಾರು ಹೇಳಿದ್ದು?" ಅಂದೆ.

"ಅವನು ತುಂಬಾ ಬದಲಾಗಿದಾನೆ. ನೀವು ನೋಡ್ಬೇಕು, ಚೆಸ್ ಎಷ್ಟು ಚೆನ್ನಾಗಿ ಆಡ್ತಾನೆ!"

"ನನ್ನ ಗಂಡನೂ ಚೆನ್ನಾಗಿ ಆಡ್ತಿದ್ರು. ಅವರನ್ನೂ ಬಿಡ್ತೀರಾ?"

ಅವಳು ಕನ್ನಡಕ ಒರೆಸಿಕೊಂಡಳು. ಪಾಪ, ಸಣ್ಣ ವಯಸ್ಸು. ಹೋಗುವಾಗ, "ನಿಮ್ಮ ನೋವು ನಂಗೆ ಅರ್ಥ ಆಗುತ್ತೆ" ಅಂದಳು. ಅರ್ಥ ಆಗಿದ್ದರೆ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

ಅವಳದ್ದು ಸಂಬಳದ ಮಾತು, ಬಿಟ್ಟುಬಿಟ್ಟೆ. ನಿನಗೇನಾಗಿದೆ? ಸಮಯ ಒದಗಲಿಲ್ಲವಂತೆ. ಸಮಯ ಒದಗಲಿಲ್ಲ ಅನ್ನಲು ನಿನಗೇನು ಮಕ್ಕಳೇ ಮರಿಯೇ? ಹೆದರಿಕೆ ಅಂತ ಬರೆ. ಅವನ ಬಾಯಿಂದ ನಿಜ ಬಂದರೆ ನಿನ್ನ ಕ್ಲಾಸಿನ ಮೊದಲ ರ‍್ಯಾಂಕಿನವನು ಹೋಗುತ್ತಾನೆ, ಫೋಟೋದಲ್ಲಿ ನಿನ್ನ ಅರ್ಧ ತಲೆಯೂ ಹೋಗುತ್ತದೆ. ಅಷ್ಟೇ ತಾನೇ?

ಕೇಳದೆ ಇದ್ದರೆ ಇನ್ನು ಕಾಗದ ಹಾಕಬೇಡ.

ಅಕ್ಕ

*

ಏಪ್ರಿಲ್ 19

ಅಕ್ಕಾ,

ಕೇಳಿದೆ.

ಇವತ್ತು ಅವನ ಎದುರು ನಾನೇ ಆಡಲು ಕೂತೆ. ಗೆದ್ದದ್ದು ನಾನೇ, ಆದರೆ ಕೆಟ್ಟದಾಗಿ ಆಡಿ ಗೆದ್ದೆ. ಬೇರೆಯವರೆಲ್ಲ ಊಟದ ಸಾಲಿಗೆ ಎದ್ದುಹೋದರು. ಆಟ ಒಪ್ಪಿಸುವಾಗ ಮೊದಲು ನನ್ನದನ್ನೇ ಹೇಳಬೇಕಲ್ಲ. "ಇಲ್ಲಿಂದ ಮುಂದೆ ನನ್ನ ಗಮನ ಆಟದಲ್ಲಿ ಇರ್ಲಿಲ್ಲ. ನಿನ್ನನ್ನ ಒಂದು ಮಾತು ಕೇಳೋದು ಹೇಗೆ ಅಂತ ಯೋಚ್ನೆ ಮಾಡ್ತಿದ್ದೆ" ಅಂದೆ.

"ಕೇಳಿ ಮೇಷ್ಟ್ರೇ."

"ಆ ಜೇಬುಗಳ್ಳ ನಿನ್ನ ತಾಯೀನ ಬೈದಾಗ ಕೋಪ ಬರ್ಲಿಲ್ವಾ?"

"ಬಾಯಿ ಮಾತಿಗೆಲ್ಲ ಏನು ಕೋಪ."

"ಹಾಗಾದ್ರೆ ಆವತ್ತು?"

ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದವನು ನಿಲ್ಲಿಸಿದ. "ಇದು ಮಣೆ ಮೇಲಿನ ಮಾತಲ್ವಾ? ಇಳಿಯೋದಿಲ್ಲ ತಾನೇ?"

"ಇಳಿಯೋದಿಲ್ಲ" ಅಂದೆ. ಹಾಗಂದು ಇಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಆವತ್ತೂ ಕೋಪ ಇರ್ಲಿಲ್ಲ. ಬೆಳಿಗ್ಗೆ ಅವರು ಕಂಬಿ ಬಡಿದು ನೋಡಿ, ಓನರ್‌ಗೆ ನಾಳೆ ಹೇಳ್ಲೇಬೇಕು ಅಂದ್ರಲ್ಲ, ಆಗ್ಲೇ ತೀರ್ಮಾನ ಮಾಡಿದ್ದೆ. ಮೊದ್ಲೂ ಎರಡು ಸಲ ಸಿಕ್ಕಿಬಿದ್ದಿದ್ದೆ, ಕೆಲಸ ಹೋಗ್ತಿತ್ತು. ಸಾಯಂಕಾಲ ಗೇಟಿನ ಹಿಂದೆ ನಿಂತೆ."

"ಅವರು ಏನು ಬೈದ್ರು?"

"ಬೈಲಿಲ್ಲ. ನನ್ನ ನೋಡಿ, 'ಇನ್ನೂ ಮನೆಗೆ ಹೋಗಿಲ್ವೇನಪ್ಪಾ' ಅಂದ್ರು. ಅಷ್ಟೇ."

"ಮತ್ತೆ ಆ ತಾಯಿ ಮಾತು?"

"ಅದು ವಕೀಲ್ರು ಹೇಳ್ಕೊಟ್ಟಿದ್ದು. ಯಾವ ಮಾತಿಗೆ ಕೋರ್ಟು ಕರಗುತ್ತೆ ಅಂತ ಅವರಿಗೆ ಗೊತ್ತಿತ್ತು."

ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಊಟಕ್ಕೆ ಹೋದ.

ಅಕ್ಕಾ, ಈಗ ನಿನಗೆ ಗೊತ್ತಾಯಿತು. ಇದನ್ನು ನಿನ್ನಲ್ಲೇ ಇಟ್ಟುಕೋ ಅಂತ ಬೇಡುತ್ತೇನೆ. ನಾನು ಸಮಿತಿಗೆ ಬರೆದರೆ ಆ ಇಪ್ಪತ್ತು ಜನ ಇನ್ನು ಯಾರ ಎದುರೂ ಬಾಯಿ ಬಿಡುವುದಿಲ್ಲ. ನನ್ನ ವರದಿಯನ್ನೂ ಮೊದಲೇ ಕೊಟ್ಟಾಗಿದೆ. "ಕೋಪವನ್ನು ಗೆದ್ದಿದ್ದಾನೆ" ಅಂತ ಬರೆದಿದ್ದೆ.

ನಿನ್ನ ತಮ್ಮ

*

ಏಪ್ರಿಲ್ 25

ತಮ್ಮನಿಗೆ,

ಇನ್ನೂ ಮನೆಗೆ ಹೋಗಿಲ್ವೇನಪ್ಪಾ.

ಹೌದು. ಅದು ಅವರೇ. ಅವರ ದನಿಯೇ. ಇದನ್ನು ಯಾವ ವಕೀಲನೂ ಹೇಳಿಕೊಡಲಾರ.

ಇದನ್ನು ನನ್ನಲ್ಲೇ ಇಟ್ಟುಕೊಳ್ಳಬೇಕಂತೆ. ನಾಲ್ಕು ವರ್ಷದಿಂದ ಆ ಹೊಲಸು ಮಾತನ್ನು ಊರೆಲ್ಲ ಇಟ್ಟುಕೊಂಡಿದೆ, ಈ ಮಾತನ್ನು ಮಾತ್ರ ನಾನೊಬ್ಬಳು ಸೆರಗಿನಲ್ಲಿ ಕಟ್ಟಿಕೊಂಡು ಕೂರಬೇಕು. ಯಾಕೆ? ನಿನ್ನ ಇಪ್ಪತ್ತು ಜನ ಬಾಯಿ ಬಿಡುವುದಿಲ್ಲ ಅಂತ. ಬಿಡದಿದ್ದರೆ ಬೇಡ. ಅವರ ಬಾಯಿಗೆ ನನ್ನ ಗಂಡನ ಮಾನವನ್ನೇ ತುತ್ತು ಮಾಡಿ ಇಡಬೇಕೇ? ಅಪ್ಪ ಆ ಷರತ್ತು ಇಟ್ಟದ್ದು ಒಡೆದ ಕಿಟಕಿಗೆ, ಕಳೆದ ಚಪ್ಪಲಿಗೆ. ಹೆಣಕ್ಕಲ್ಲ.

ನಾನು ಸಮಿತಿಗೆ ಬರುತ್ತೇನೆ. ನೀನು ಹೇಳಿದೆ ಅಂತ ನನ್ನ ಬಾಯಿಂದ ಬರುವುದಿಲ್ಲ. ಅದನ್ನು ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಅಕ್ಕ

*

ಮೇ 15

ತಮ್ಮನಿಗೆ,

ಮೊನ್ನೆ ಸಮಿತಿಯ ಎದುರು ನೀನೂ ಇದ್ದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಪೂರ್ತಿ ಹೊತ್ತು ನೆಲ ನೋಡುತ್ತಿದ್ದೆ.

ಬಾಗಿಲಲ್ಲಿ ನನ್ನನ್ನು ಯಾರೋ ದಾರಿಹೋಕಳ ಹಾಗೆ ನೋಡಿ ಸರಿದು ನಿಂತೆ. ಒಂದೇ ತಟ್ಟೆಯಲ್ಲಿ ಉಂಡವರು ಅಂತ ಯಾರೂ ಹೇಳುವ ಹಾಗಿರಲಿಲ್ಲ. ಹದಿನೈದು ವರ್ಷ ನನ್ನ ಹಳೆಯ ಪುಸ್ತಕಗಳಲ್ಲೇ ಓದಿದವನು.

ಉದ್ದ ಮೇಜು. ನಡುವೆ ನಿವೃತ್ತ ಜಡ್ಜು, ಪಕ್ಕದಲ್ಲಿ ಒಬ್ಬ ಡಾಕ್ಟರು, ನಮ್ಮ ಮನೆಗೆ ಬಂದಿದ್ದ ಕನ್ನಡಕದ ಮೇಡಂ, ಇಸ್ತ್ರಿ ಮಡಿಕೆ ಮುರಿಯದ ಸೂಪರಿಂಟೆಂಡೆಂಟರು. ಅವರು ನಿನ್ನ ವರದಿಯನ್ನು ಓದಿದರು. ಒಳ್ಳೆಯ ಭಾಷೆ. "ಸಹನೆಯ ಸಾಕಾರಮೂರ್ತಿ" ಅಂತ ಒಂದು ಕಡೆ ಬರೆದಿದ್ದೀಯ. ನನ್ನ ಗಂಡನಿಗೆ ಶ್ರದ್ಧಾಂಜಲಿ ಬರೆದಾಗಲೂ ನಿನಗೆ ಅಂಥ ಮಾತು ಸಿಕ್ಕಿರಲಿಲ್ಲ.

ಅವನನ್ನು ಕರೆತಂದರು. ತಲೆ ನರೆತಿದೆ. ಅದಕ್ಕಿಂತ ಹೆಚ್ಚು ನನಗೇನೂ ಅನ್ನಿಸಲಿಲ್ಲ.

"ಬಿಡುಗಡೆಗೆ ನಿಮ್ಮ ಆಕ್ಷೇಪ ಇದೆಯೇನಮ್ಮಾ?" ಅಂದರು ಜಡ್ಜು.

"ಇಲ್ಲ" ಅಂದೆ. ನಿನ್ನ ತಲೆ ಆಗ ಒಂದು ಸಲ ಮೇಲೆ ಬಂತು. ಮೇಡಂ ಕಣ್ಣಲ್ಲಿ ನೀರು ತಂದುಕೊಂಡಳು. ಕಾಗದ ಮುಂದಿಟ್ಟರು, ಸಹಿ ಹಾಕಿದೆ. ಸೂಪರಿಂಟೆಂಡೆಂಟರು ಆಗಲೇ ಮುಂದಿನ ಫೈಲಿಗೆ ಕೈ ಹಾಕಿದ್ದರು.

"ನನ್ನ ಸಹಿ ಆಯ್ತು. ಇನ್ನು ಇವನು ಏನು ಹೇಳಿದ್ರೂ ನಾನು ಅದನ್ನ ವಾಪಸ್ ತಗೊಳ್ಳೋದಿಲ್ಲ" ಅಂದೆ. "ಆ ಸಾಯಂಕಾಲ ನನ್ನ ಗಂಡ ಇವನಿಗೆ ಏನಂದ್ರು, ಅದನ್ನ ಇಲ್ಲಿ ಹೇಳ್ಲಿ. ನನಗೆ ಬೇಕಾಗಿರೋದು ಅಷ್ಟೇ."

ಸೂಪರಿಂಟೆಂಡೆಂಟರು, "ಅದೆಲ್ಲ ಕೋರ್ಟಲ್ಲಿ ಮುಗಿದ ವಿಷಯ ಅಮ್ಮಾ, ಈಗ್ಯಾಕೆ" ಅಂದರು. ಜಡ್ಜು, "ಹೇಳ್ಲಿ ಬಿಡ್ರೀ" ಅಂದರು.

ಅವನು ನನ್ನನ್ನು ನೋಡಲಿಲ್ಲ. ನಿನ್ನನ್ನು ನೋಡಿದ. ತುಂಬಾ ಹೊತ್ತು ನೋಡಿದ. ಮಾತು ಮಣೆ ಇಳಿದಿದೆ ಅಂತ ಅವನಿಗೆ ಅಲ್ಲೇ ತಿಳಿಯಿತು. ನೀನು ನಿನ್ನ ಚಪ್ಪಲಿ ನೋಡುತ್ತಿದ್ದೆ. ಆಮೇಲೆ ಅವನು ಜಡ್ಜಿನ ಕಡೆ ತಿರುಗಿ, "ಅವರು ನನ್ನ ತಾಯೀನ ಬೈಲಿಲ್ಲ ಸ್ವಾಮಿ. ಇನ್ನೂ ಮನೆಗೆ ಹೋಗಿಲ್ವೇನಪ್ಪಾ ಅಂದ್ರು. ನಾನು ಕಾಯ್ತಾ ನಿಂತಿದ್ದೆ" ಅಂದ.

ಗುಮಾಸ್ತ ಬರೆಯಬೇಕೋ ಬೇಡವೋ ಅಂತ ಸೂಪರಿಂಟೆಂಡೆಂಟರ ಮುಖ ನೋಡಿದ. ಬೇಡ ಅಂತ ಅವರು ಕಣ್ಣಲ್ಲೇ ಹೇಳಿದರು. ನಾನು ನೋಡಿದೆ.

ಆಗ ಜಡ್ಜು ನಿನ್ನನ್ನು ಕೇಳಿದರು: "ಮೇಷ್ಟ್ರೇ, ಇವನ ಬಗ್ಗೆ ಇಷ್ಟೆಲ್ಲ ಬರೆದಿದೀರಿ. ಈ ವಿಷಯ ನಿಮಗೆ ಗೊತ್ತಿತ್ತಾ?"

"ಇಲ್ಲ ಸಾರ್" ಅಂದೆ ನೀನು.

ಆ ಕೊಲೆಗಡುಕನಿಗೆ ನಾಲ್ಕು ವರ್ಷ ಬೇಕಾಯಿತು ನಿಜ ಹೇಳಲು. ಅದಕ್ಕೆ ನಾನು ಅವನನ್ನು ಹೊಗಳುವುದಿಲ್ಲ, ಕದ್ದ ಚೆಂಬು ತಂದುಕೊಟ್ಟವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಆದರೆ ಅವನಿಗೆ ಅದರಿಂದ ಕಳೆದುಕೊಳ್ಳುವುದಕ್ಕೆ ಶಿಕ್ಷೆಯಲ್ಲಿ ಬಾಕಿಯಿರುವ ಆರು ವರ್ಷ ಇತ್ತು. ನಿನಗೆ ಏನಿತ್ತು? ಒಂದು ಡಬ್ಬಿ ಪ್ಲಾಸ್ಟಿಕ್ ಕಾಯಿ.

ಅವನ ಮೇಲೆ ನನಗಿದ್ದ ತಾತ್ಸಾರದಲ್ಲಿ ಅರ್ಧವನ್ನು ನಿನ್ನ ಕಡೆ ತಿರುಗಿಸಬೇಕಾಗಿ ಬಂತಲ್ಲ, ಅದೇ ನನಗೆ ನೋವು.

ಅಕ್ಕ

*

ಜೂನ್ 8

ಅಕ್ಕನಿಗೆ,

ನಿನ್ನ ಕಾಗದ ಬಂದ ಮೂರನೇ ದಿನ ನಾನು ಜಡ್ಜಿಗೆ ಬರೆದೆ. ನನಗೆ ಗೊತ್ತಿತ್ತು, ಅವನೇ ನನಗೆ ಹೇಳಿದ್ದ, ಸತ್ತವರು ನನ್ನ ಸ್ವಂತ ಭಾವ, ಸಭೆಯಲ್ಲಿ ನಾನು ಸುಳ್ಳು ಹೇಳಿದೆ ಅಂತ. ಅವನು ಸಭೆಯಲ್ಲಿ ಹೇಳಿದ ಮಾತನ್ನೂ ಪೂರ್ತಿ ಬರೆದು, ಗುಮಾಸ್ತರು ಬರೆದುಕೊಳ್ಳಲಿಲ್ಲ ಅನ್ನುವುದನ್ನೂ ಸೇರಿಸಿದೆ. ಅದರ ನಕಲು ಇದರ ಜೊತೆ ಇದೆ.

ಜಡ್ಜು ಆ ಮಾತನ್ನು ನಡಾವಳಿಯಲ್ಲಿ ಸೇರಿಸಿದ್ದಾರೆ. ಬಿಡುಗಡೆಯ ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಆಗುತ್ತದೋ ಇಲ್ಲವೋ ಯಾರಿಗೂ ತಿಳಿಯದು.

ಸೂಪರಿಂಟೆಂಡೆಂಟರು ನನ್ನನ್ನು ಕರೆಸಿ ಬಾಗಿಲು ಹಾಕದೆಯೇ ಬೈದರು. "ನಿಮ್ಮನ್ನ ಒಳಗೆ ಬಿಟ್ಟಿದ್ದು ಆಟ ಆಡ್ಸೋಕೆ, ಕೇಸು ತನಿಖೆ ಮಾಡೋಕಲ್ಲ" ಅಂದರು. ಇನ್ನು ಯಾವುದೋ ಕ್ಲಬ್ಬಿನ ಯುವಕ ಬರುತ್ತಾನಂತೆ. ನನ್ನ ಡಬ್ಬಿ ತೆಗೆದುಕೊಂಡು ಬರುವಾಗ ಕಾರಿಡಾರಿನಲ್ಲಿ ವೆಲ್ಡರ್ ನೆಲ ಒರೆಸುತ್ತಿದ್ದ. ನಾನು ನಿಂತೆ. ಅವನು ಒರೆಸುವುದನ್ನು ನಿಲ್ಲಿಸದೆ, "ಒಪ್ಪಿಸೋದು ಕಲಿಸಿದ್ದು ನೀವು ಮೇಷ್ಟ್ರೇ. ನಿಮ್ಮ ಸರದಿ ಬಂದಾಗ ನಿಜ ಹೇಳೋಕೆ ಬಾಯೇ ಬರ್ಲಿಲ್ಲ" ಅಂದ. ಅವನ ಪಕ್ಕದಲ್ಲಿದ್ದ ಜೇಬುಗಳ್ಳ ಮುಖ ತಿರುಗಿಸಿಕೊಂಡ.

ನಾನು ವೆಲ್ಡರ್‌ಗೂ ಮಾತು ತಪ್ಪಿದೆ, ನಿನಗೂ ತಪ್ಪಿದೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ. ನಾನು ಒಮ್ಮೆ ಬಂದು ನಿನ್ನನ್ನು ನೋಡಬಹುದೇ?

ನಿನ್ನ ತಮ್ಮ

*

ಜೂನ್ 15

ತಮ್ಮನಿಗೆ,

ನಕಲು ಓದಿದೆ. ಭಾಷೆ ಈ ಸಲ ಸಾದಾ ಇದೆ, ಅದಕ್ಕೇ ನಂಬುವ ಹಾಗಿದೆ. ಹೊಗಳುತ್ತೇನೆ ಅಂತ ಕಾಯಬೇಡ. ಮಳೆ ನಿಂತ ಮೇಲೆ ಕೊಡೆ ತಂದವನಿಗೆ ಏನು ಹೇಳುವುದು? ಕೊಡೆ ತಂದದ್ದು ಮಾತ್ರ ನಿಜ.

ಅವನನ್ನು ಬಿಟ್ಟರೋ ಇಲ್ಲವೋ ನನಗೆ ತಿಳಿಸುವ ಅಗತ್ಯವಿಲ್ಲ. ಬಿಟ್ಟರೆ ಅವನ ಪಾಡು, ಬಿಡದಿದ್ದರೆ ಅವರ ಪಾಡು. ನಾನು ಸಹಿ ಹಾಕಿದ್ದೇನೆ, ಅದು ಅಲ್ಲೇ ಇರಲಿ. ಅವನ ವಿಷಯ ಯೋಚಿಸಲು ನನ್ನ ಹತ್ತಿರ ಇನ್ನು ಹೊತ್ತಿಲ್ಲ.

ಬರುವುದಾದರೆ ಬಾ. ಬಾಗಿಲು ಹಾಕಿಕೊಳ್ಳುವಷ್ಟು ಕೆಟ್ಟವಳಲ್ಲ, ಎದುರು ಬಂದು ಕೈ ಹಿಡಿದು ಕೂರಿಸುವಷ್ಟು ಒಳ್ಳೆಯವಳೂ ಅಲ್ಲ. ಸ್ಕೂಲುಗಳು ಶುರುವಾಗಿವೆ, ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಬಂದರೆ ಗುಂಡಿ ಹೊಲಿಯಲು ಕೂರಿಸುತ್ತೇನೆ.

ನಿನ್ನ ನಕಲನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿದಾಗ ಮಿಷನ್ನುಗಳೆಲ್ಲ ನಿಂತಿದ್ದವು. ಬಟ್ಟೆ ಕತ್ತರಿಸುವವನು ಮೆಲ್ಲಗೆ ಕೇಳಿದ, "ಅಕ್ಕಾ, ಅವರು ಯಾವತ್ತೂ ಬೈತಾನೇ ಇರ್ಲಿಲ್ವಾ? ಒಂದು ಸಲಾನೂ?"

ನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ಅವರ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಒಂದು ಸಲ ಬೈದಿದ್ರು" ಅಂದೆ. "ಮನೇಲಿ ಮೊಳೆ ಹೊಡೀತಿದ್ದಾಗ ಸುತ್ತಿಗೆ ಜಾರಿ ಕಾಲಿನ ಮೇಲೆ ಬಿತ್ತು. ಹೆಬ್ಬೆರಳು ಬದನೆಕಾಯಿ ಬಣ್ಣ ಆಯ್ತು. ಇವತ್ತಾದ್ರೂ ಏನಾದ್ರೂ ಬಾಯಿಂದ ಬರುತ್ತೆ ಅಂತ ನಾನು ಬಾಗಿಲಲ್ಲಿ ನಿಂತು ಕಾದೆ. ಕಾಲು ಹಿಡ್ಕೊಂಡು, ಸುತ್ತಿಗೆ ಕಡೆ ನೋಡಿ, 'ಸ್ವಲ್ಪ ನೋಡ್ಕೊಂಡು ಬೀಳಬಾರದೇನ್ರೀ' ಅಂದ್ರು."

ಮೊದಲು ನಕ್ಕದ್ದು ಕಾಜ ಹೊಲಿಯುವವಳು. ಆಮೇಲೆ ಎಲ್ಲರೂ. ಕತ್ತರಿಸುವವನು ಕತ್ತರಿಗೆ ಕೈ ಮುಗಿದು, "ಹುಷಾರಾಗಿ ಕತ್ತರಿಸ್ರೀ ಸಾರ್" ಅಂದ. ನಾನೂ ನಕ್ಕೆ. ಕಣ್ಣೊರೆಸಿಕೊಂಡು ಹೊಲಿಯಲು ಕೂತರೆ ಮತ್ತೆ ನಗು ಬರುತ್ತಿತ್ತು. ಕೊನೆಗೆ ನೋಡಿದರೆ ಒಂದು ಕಾಲರನ್ನು ತಲೆಕೆಳಗಾಗಿ ಹೊಲಿದಿದ್ದೆ. ಬಿಚ್ಚಿ ಮತ್ತೆ ಹೊಲಿದೆ.

ಅಕ್ಕ